ನಿಂತಲ್ಲೇ ಓಡಿದ ಕಾರು

ಆಂಧ್ರಪ್ರದೇಶದಲ್ಲಿ ಅತಿ ಹೆಚ್ಚು ಹೊತ್ತು ಕಾರಿನ ಇಂಜಿನ್ ಓಡಿಸಿ, ಅತಿ ಕಡಿಮೆ ದೂರ ಹೋದ ಮನುಷ್ಯ ಯಾರು ಅಂತ ಯಾರಾದರೂ ಸ್ಪರ್ಧೆ ಇಟ್ಟರೆ ಮೊದಲ ಬಹುಮಾನ ನಮ್ಮ ಸೋದರಮಾವನಿಗೇ! ಎರಡನೆಯ ಬಹುಮಾನಕ್ಕೆ ಬೇರೆ ಯಾರಾದರೂ ಸಿಗುತ್ತಾರೋ ಇಲ್ಲವೋ ಅನುಮಾನ.

ಮಾವ ತುಮಕೂರು ಕಡೆಯವರು. ಬ್ಯಾಂಕಿನ ವರ್ಗಾವಣೆ ಮೇಲೆ ವಿಜಯವಾಡಕ್ಕೆ ಬಂದವರು ನಿವೃತ್ತಿಯಾದ ಮೇಲೂ ಅಲ್ಲಿನ ಪಟಮಟ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲೇ ಉಳಿದುಬಿಟ್ಟರು. ಕನ್ನಡ ಊರಿನದೇ, ಮರ್ಯಾದೆ ಮಾತ್ರ ಪೂರ್ತಿ ತೆಲುಗಿನದು. ಗೇಟಿಗೆ ಅಡ್ಡ ಮಲಗಿದ ನಾಯಿಗೂ "ಜರಗಂಡಿ" ಅಂತಾರೆ. ನಾಯಿಯೂ ಎದ್ದು ದಾರಿ ಬಿಡುತ್ತದೆ ಅನ್ನಿ.

ಇಂಥ ಮರ್ಯಾದಸ್ಥರು ಗದರುತ್ತಿದ್ದದ್ದು ಒಬ್ಬರನ್ನೇ, ನಮ್ಮ ಅತ್ತೆಯನ್ನು. ಸಂಜೆ ಇಬ್ಬರೂ ಕಾರಿನಲ್ಲಿ ಕೃಷ್ಣಾ ನದಿ ಕಡೆ ಹೊರಡುತ್ತಿದ್ದರು. ಮಾವ ಮೊದಲೇ ಇಳಿದು, ಕಾರು ಸ್ಟಾರ್ಟ್ ಮಾಡಿ ಗುರುಗುರು ಅನ್ನಿಸುತ್ತ ಕೂರುವುದು. ಆ ಸದ್ದು ಮೇಲಿನ ಮಹಡಿಗೆ ಕೇಳಿ ಅತ್ತೆ ಬೇಗ ಬರಲಿ ಅಂತ. ಬರುತ್ತಿದ್ದರೇ? ಗ್ಯಾಸ್ ಆಫ್ ಮಾಡಿದೆನಾ ಅಂತ ಲಿಫ್ಟಿನಿಂದ ವಾಪಸ್ಸು. ಬೀಗ ಜಗ್ಗಿ ನೋಡೋಕೆ ಇನ್ನೊಮ್ಮೆ ವಾಪಸ್ಸು. ಅಷ್ಟರಲ್ಲಿ ನದಿ ಸಮುದ್ರ ಸೇರಿಬಿಡುತ್ತೆ ಅಂತ ಮಾವ ಕೆಳಗಿನಿಂದ ಕೂಗೋರು. ಹಾಗೆ ನೂರೆಂಟು ಸಲ ವಾಪಸ್ಸು ಹೋಗುತ್ತಿದ್ದ ಅತ್ತೆ, ಹೋದ ವರ್ಷ ಜ್ವರ ಅಂತ ಆಸ್ಪತ್ರೆ ಸೇರಿದವರು ವಾಪಸ್ಸು ಬರಲೇ ಇಲ್ಲ.

ಇದಾಗಿ ಕೆಲವು ತಿಂಗಳಿಗೆ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕೊಳೆತ ಮೊಟ್ಟೆಯ ನಾತ ಶುರುವಾಯಿತು. ಅಲ್ಲಿದ್ದವರೋ, ಈರುಳ್ಳಿಗೂ ಮೂಗು ಮುರಿಯುವ ಸಸ್ಯಾಹಾರಿಗಳು! ವಾಚ್‌ಮನ್ನನ ಒಲೆಯ ತಪಾಸಣೆಯಾಯಿತು, ಎಲ್ಲರ ಮನೆಯ ಕಸದ ಬುಟ್ಟಿಯ ತಪಾಸಣೆಯಾಯಿತು. ಕೊನೆಗೆ ನಾತದ ಜಾಡು ಹಿಡಿದು ಹೊರಟವರು ಬಂದು ನಿಂತದ್ದು ಮಾವನ ಕಾರಿನ ಸೈಲೆನ್ಸರ್ ಮುಂದೆ. ಮೊಟ್ಟೆ ಇರುತ್ತದೆ ಅಂತ ಬೇಕರಿ ಕೇಕನ್ನೇ ಮುಟ್ಟದ ಮನುಷ್ಯನಿಗೆ ಎಂಥಾ ಅಪವಾದ ನೋಡಿ!

ಮಾವ ಮೆಕ್ಯಾನಿಕ್ ಹತ್ತಿರ ಹೋದರೇ? ಹಳೇಪೇಟೆ ಒನ್ ಟೌನಿನ ಗ್ರಂದಿಗೆ ಅಂಗಡಿಗೆ ಹೋದರು. ಲಾವಂಚದ ಬೇರು, ಪಚ್ಚಕರ್ಪೂರ ತಂದು, ಬಟ್ಟೆಯಲ್ಲಿ ಗಂಟು ಕಟ್ಟಿ ಸೈಲೆನ್ಸರಿನ ಬಾಯಿಗೆ ತುರುಕಿದರು. ಬಟ್ಟೆಪೆಟ್ಟಿಗೆಯ ಮುಗ್ಗಲು ವಾಸನೆಗೆ ಅವರಮ್ಮ ಮಾಡುತ್ತಿದ್ದ ಉಪಾಯವಂತೆ. ಸಂಜೆ ಇಂಜಿನ್ ಶುರುವಾದದ್ದೇ ತಡ, ಗಂಟು ಢಬ್ ಅಂತ ಹಾರಿ ಸೆಕ್ರೆಟರಿಯವರ ಸ್ಕೂಟರ್ ಮೇಲೆ ಬಿತ್ತು. ಅವತ್ತಿನಿಂದ ಪಾರ್ಕಿಂಗು ದೇವರಮನೆಯಲ್ಲಿ ಮೊಟ್ಟೆ ಒಡೆದ ಹಾಗೆ ನಾರತೊಡಗಿತು.

ಅಸೋಸಿಯೇಷನ್ನಿನವರು ಬಹಳ ವಿನಯದಿಂದಲೇ, ಕಾರು ಮಾರಿಬಿಡಿ ಅಂದರು. ಯಾರು ಏನು ಹೇಳಿದರೂ "ಸರೇನಂಡಿ" ಅನ್ನುವ ಮಾವ ಇದಕ್ಕೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ನಾನು ವಿಶಾಖಪಟ್ಟಣದಲ್ಲಿ, ಋಷಿಕೊಂಡದ ಆಫೀಸೊಂದರಲ್ಲಿ ಕೆಲಸ ಮಾಡುತ್ತೇನೆ. ಅಮ್ಮ ಫೋನ್ ಮಾಡಿ, ನಿನ್ನ ಮಾತು ಕೇಳ್ತಾನೆ, ಹೋಗಿ ಕಾರು ಮಾರೋಕೆ ಒಪ್ಪಿಸಿ ಬಾ ಅಂದಳು.

ನಾನು ಹೋದ ಸಂಜೆ ಮಾವ ಇಸ್ತ್ರಿ ಷರಟು ಹಾಕಿಕೊಂಡು ಕೆಳಗಿಳಿದರು. ಬಾಲ್ಕನಿಯಿಂದ ಬಗ್ಗಿ ನೋಡಿದರೆ ಕಾರು ನಿಂತಲ್ಲೇ ಗುರುಗುರು. ಪಾಪ, ನಾತದ ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ.

ಮಾರನೆಯ ದಿನ ಬಲವಂತವಾಗಿ ಸರ್ವೀಸ್ ಸೆಂಟರಿಗೆ ಕರೆದುಕೊಂಡು ಹೋದೆ. ಸೂಪರ್‌ವೈಸರ್ ಹೆಂಗಸು ಕಾರಿಗೆ ಲ್ಯಾಪ್‌ಟಾಪ್ ಜೋಡಿಸಿ ನೋಡಿದರು. ಕಾರು ಕೆಟ್ಟಿಲ್ಲ, ಓಡುತ್ತಿಲ್ಲ ಅಷ್ಟೆ ಅಂದರು. ನಿಂತಲ್ಲೇ ಇಂಜಿನ್ ಓಡಿದರೆ ಹೊಗೆ ಶುದ್ಧ ಮಾಡುವ ಭಾಗ ಸರಿಯಾಗಿ ಕಾಯುವುದಿಲ್ಲ, ಅರೆಬರೆ ಉರಿದದ್ದೆಲ್ಲ ಅಲ್ಲೇ ಕೂತು ನಾರುತ್ತದೆ, ಹೈವೇಯಲ್ಲಿ ಒಂದು ಉದ್ದನೆಯ ಓಟ ಓಡಿಸಿ, ಸರಿಹೋಗುತ್ತದೆ ಅಂದರು. ಆಮೇಲೆ, ದಿನಾ ಸ್ಟಾರ್ಟ್ ಮಾಡಿ ಎಲ್ಲಿಗೂ ಯಾಕೆ ಹೋಗುವುದಿಲ್ಲ ಅಂತ ಮಾವನನ್ನು ತೆಲುಗಿನಲ್ಲಿ ಕೇಳಿದರು. ಮಾವ ಬಿಲ್ ಎಷ್ಟಾಯಿತು ಅಂತ ಕೇಳಿದರು.

ಹೊರಗೆ ಬಂದ ಮೇಲೆ ನಾನೂ ಅದನ್ನೇ ಕೇಳಿದೆ.

"ಎಲ್ಲಿಗೆ ಹೋಗ್ಲಿ? ಸ್ಟಾರ್ಟ್ ಮಾಡಿ ಕೂತಿರ್ತೀನಿ ಅಷ್ಟೆ ಕಣೇ. ಅವಳು ಇಳಿದು ಬರೋ ಹೊತ್ತಲ್ವಾ?"

ಇನ್ನು ಕಾರು ಮಾರುವ ಮಾತನ್ನು ಯಾವ ಬಾಯಲ್ಲಿ ಆಡಲಿ? ಮಾರಿದರೆ ಈ ಮನುಷ್ಯ ಎಲ್ಲಿ ಕೂತು ಕಾಯಬೇಕು? ಇದೇ ಕಾರಿನಲ್ಲಿ ನನ್ನನ್ನು ವಿಶಾಖಪಟ್ಟಣಕ್ಕೆ ಬಿಟ್ಟು, ಎರಡು ದಿನ ಇದ್ದು ಬನ್ನಿ ಮಾವ ಅಂದೆ. "ಸರೇ" ಅಂದರು.

ಹೈವೇಯಲ್ಲಿ ಮೊದಮೊದಲು ನಮ್ಮ ನಾತಕ್ಕೆ ಹಿಂದಿನ ಮೀನಿನ ಲಾರಿಯವನೇ ಮುಖ ಸಿಂಡರಿಸಿ ಮುಂದೆ ಹೋದ. ರಾಜಮಂಡ್ರಿ ದಾಟುವ ಹೊತ್ತಿಗೆ ಕಡಿಮೆಯಾಯಿತು. ಋಷಿಕೊಂಡದಲ್ಲಿ ಇಳಿದು ಸೈಲೆನ್ಸರ್ ಹತ್ತಿರ ಮೂಸಿ ನೋಡಿ, ನಾತ ಹೋಯಿತು ಮಾವ ಅಂದೆ. "ಹೋಯ್ತಾ?" ಅಂದರು. ಗೆಲುವೇನೂ ಇರಲಿಲ್ಲ ಆ ದನಿಯಲ್ಲಿ.

ಮಾರನೆಯ ಸಂಜೆ ಸಮುದ್ರದ ಕಡೆ ಹೋಗೋಣ ಅಂದಿದ್ದೆ. ಮಾವ ಇಸ್ತ್ರಿ ಷರಟು ಹಾಕಿಕೊಂಡು ಮೊದಲೇ ಇಳಿದುಬಿಟ್ಟಿದ್ದರು. ಅಯ್ಯೋ, ಮತ್ತೆ ಗುರುಗುರು ಶುರುಮಾಡಿರುತ್ತಾರೆ ಅಂತ ಮೆಟ್ಟಿಲಿಳಿದು ಓಡಿದೆ. ಸದ್ದೇ ಇಲ್ಲ. ಪಕ್ಕದ ಸೀಟಿನ ಬಾಗಿಲು ಅರೆ ತೆರೆದಿಟ್ಟು, ಕೀ ಅಂಗೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದರು.

"ಯಾಕೆ ಮಾವ, ಸ್ಟಾರ್ಟ್ ಮಾಡಿಲ್ಲ?"

"ಸದ್ದು ಮಾಡಿ ಮಾಡಿ ಅವಳನ್ನ ಬರೀ ಅವಸರ ಪಡಿಸಿದೆ ಕಣೇ ಪುಟ್ಟಿ. ಇನ್ನು ಸಾಕು. ನಿಧಾನವಾಗೇ ಬರ್ಲಿ."

ನಾನು ಹಿಂದಿನ ಸೀಟಿನಲ್ಲಿ ಕೂತೆ.