ನನ್ನ ದಪ್ಪ ಗೋಡೆಯ ನೆರಳು

ಮನೆ ಕಟ್ಟಿಸುವವರು ಗೋಡೆಗೆ ಯಾವ ಬಣ್ಣ ಹೊಡೆಸಲಿ ಎಂದು ನಿದ್ದೆಗೆಡುತ್ತಾರೆ. ನಾನು ಗೋಡೆ ಎಷ್ಟು ದಪ್ಪವಿರಬೇಕೆಂದು ನಿದ್ದೆಗೆಡುವವಳು. ಚನ್ನಪಟ್ಟಣದ ಅಂಚಿನಲ್ಲಿ ಏಳುತ್ತಿದ್ದ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಚಿಕಿತ್ಸೆಯ ಕೋಣೆಯಿಂದ ವಿಕಿರಣ ಹೊರಗೆ ಸೋರದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಲೆಕ್ಕಕ್ಕೊಂದು ಸಾಫ್ಟ್‌ವೇರ್ ಇತ್ತು. ಹೊಸ ಸೊಸೆಯನ್ನು ವಿಚಾರಿಸುವ ಅತ್ತೆಯಂತೆ ಅದು ಎಲ್ಲವನ್ನೂ ಕೇಳುತ್ತಿತ್ತು: ಯಂತ್ರದ ಶಕ್ತಿಯೆಷ್ಟು, ರೋಗಿಗಳೆಷ್ಟು, ಗೋಡೆಯಾಚೆ ಯಾರಿರುತ್ತಾರೆ, ಎಷ್ಟು ಹೊತ್ತು? ದಿನವಿಡೀ ಜನ ಕೂರುವ ಜಾಗವಾದರೆ ಗೋಡೆ ದಪ್ಪ. ದಾಟಿಹೋಗುವ ಜಾಗವಾದರೆ ಕೊಂಚ ತೆಳು. ಉತ್ತರದ ಗೋಡೆಯಾಚೆ ಬರೀ ಬಯಲು. ಬಿಸಿಲಿಗೆ ಓತಿಕ್ಯಾತವೂ ಅಲ್ಲಿ ನಿಲ್ಲುತ್ತಿರಲಿಲ್ಲ. "ಅಪರೂಪಕ್ಕೊಬ್ಬರು" ಎಂದು ತುಂಬಿದೆ.

ಗೋಡೆ ಎದ್ದಿತು. ಬೇಸಿಗೆಯೂ ಬಂತು. ಹೆದ್ದಾರಿಯ ಪಕ್ಕ ಫ್ಯಾಕ್ಟರಿಗಳೆದ್ದು ಮರಗಳೆಲ್ಲ ಉರುಳುತ್ತಿದ್ದ ಕಾಲ. ಒಂದು ಮಧ್ಯಾಹ್ನ ಹೋಗಿ ನೋಡುತ್ತೇನೆ, ಗೋಡೆಯ ನೆರಳಿನಲ್ಲಿ ಸಂತೆ! ಮಾವಿನಕಾಯಿ ಮಾರುವ ಪುಟ್ಟತಾಯಮ್ಮ ಗೋಣಿ ಹಾಸಿದ್ದಾಳೆ. ಪಕ್ಕದಲ್ಲಿ ಬಾಬಾಜಾನ್ ಸಾಹೇಬರು ಮರದ ಬೊಂಬೆಗಳಿಗೆ ಕಣ್ಣು ಬರೆಯುತ್ತಿದ್ದಾರೆ.

"ಅಮ್ಮಾ, ಎಷ್ಟು ಹೊತ್ತು ಇಲ್ಲಿರ್ತೀರಿ?"

"ಬೆಳಿಗ್ಗೆ ಬಂದ್ರೆ ಬೈಗಾಗೋಗಂಟ ಕಣವ್ವ. ಇಂಥ ತಂಪು ಊರಲ್ಲೆಲ್ಲೂ ಇಲ್ಲ. ಕಟ್ಸಿದೋರ ಹೊಟ್ಟೆ ತಣ್ಣಗಿರ್ಲಿ!"

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಯಂತ್ರ ಇನ್ನೂ ಬಂದಿರಲಿಲ್ಲವೆಂಬುದೇ ಪುಣ್ಯ. ಓಡಿಹೋಗಿ "ದಿನವಿಡೀ" ಎಂದು ತಿದ್ದಿದೆ. ಈ ಗೋಡೆ ಸಾಲದು ಎಂದಿತು ಸಾಫ್ಟ್‌ವೇರ್. ಜನರನ್ನು ಎಬ್ಬಿಸಿ ಬೇಲಿ ಹಾಕಿ ಎಂದರು ಆಸ್ಪತ್ರೆಯ ಮಾಲೀಕರು. ಎಬ್ಬಿಸಲೆಂದೇ ಹೋದೆ. ಸಾಹೇಬರು ಬೊಂಬೆಗಳನ್ನು ಪಕ್ಕಕ್ಕೆ ಸರಿಸಿ, "ಬನ್ನಿ ಮೇಡಂ, ಒಸಿ ಕೂತ್ಕಳಿ" ಎಂದರು. ಕೂತೆ. ತಣ್ಣನೆಯ ಗೋಡೆ ಬೆನ್ನಿಗೆ ತಾಗಿದ್ದೇ ತಡ, ಎಬ್ಬಿಸಲು ಬಂದವಳಿಗೇ ಏಳುವ ಮನಸ್ಸಾಗಲಿಲ್ಲ. ವಾಪಸು ಹೋಗಿ ಮಾಲೀಕರೊಡನೆ ಜಗಳವಾಡಿ, ಹೊರಗಿನಿಂದ ಇನ್ನೊಂದು ಪದರ ಕಾಂಕ್ರೀಟ್ ಹಾಕಿಸಿದೆ. ತಂಪು ಹೆಚ್ಚಿತು, ಜನವೂ ಹೆಚ್ಚಿದರು.

ಯಂತ್ರ ಮೊದಲ ಸಲ ಚಾಲೂ ಆದ ದಿನ ಎಲ್ಲರನ್ನೂ ದೂರ ಕಳಿಸಿ, ವಿಕಿರಣ ಅಳೆಯುವ ಮೀಟರ್ ಹಿಡಿದು ಗೋಡೆಯುದ್ದಕ್ಕೂ ನಡೆದೆ. ಮುಳ್ಳು ಮಿಸುಕಲಿಲ್ಲ! ಬಯಲಲ್ಲೇ ಒಂದು ಸುತ್ತು ಕುಣಿದುಬಿಟ್ಟೆ. ಎಲ್ಲರೂ ಮತ್ತೆ ಬಂದು ಕೂತರು. ಪುಟ್ಟತಾಯಮ್ಮ ಕಾಲು ಚಾಚಿ, "ನನ್ಗೂ ಒಸಿ ಹಿಡ್ದು ನೋಡವ್ವ" ಎಂದಳು. ಖುಷಿಯ ಅಮಲಿನಲ್ಲಿ ಮೀಟರನ್ನು ಅವಳ ಮಂಡಿಗೇ ಹಿಡಿದೆ.

"ಏನೂ ಇಲ್ಲಮ್ಮಾ! ಚೂರೂ ಇಲ್ಲ!"

ಅವಳು ಸಾಹೇಬರತ್ತ ತಿರುಗಿದಳು. "ಕೇಳುದ್ರಾ ಸಾಬ್ರೇ? ವರ್ಸಗಟ್ಲೆಯಿಂದ ಮಂಡಿ ನೋಯ್ತಾ ಐತೆ, ಏನೂ ಇಲ್ವಂತೆ. ಈವಮ್ಮನ್ನ ಓದ್ಸಿದ್ದೇ ದಂಡ!"

ಸಾಹೇಬರು ಮರ್ಯಾದಸ್ಥರು. ನನ್ನ ಮುಖ ನೋಡದೆ, ಬೊಂಬೆಯ ಕಣ್ಣು ಬರೆಯುತ್ತಲೇ ಹೌದೆಂದು ತಲೆಯಾಡಿಸಿದರು.