ಮೂವರು ಬೀಗರನ್ನು ಒಂದೇ ರೀತಿ ತಿರುಗಿಸದ ಸ್ಲೈಡ್ ಪ್ರೋಗ್ರಾಮಿಗೆ

ಶಿಕಾರಿಪುರ,
ಡಿಸೆಂಬರ್ ೧೯೯೮

ಮಾನ್ಯರೇ,

ಕಂಪ್ಯೂಟರಿನ ಗಾಜಿನ ಹಿಂದೆ ಸುಖಾಸೀನರಾಗಿ, ಹೆಸರುಗಳನ್ನು ಹಾರಿಸುವ, ತೇಲಿಸುವ, ತಿರುಗಿಸುವ ಪರಮಾಧಿಕಾರ ಹೊಂದಿರುವ ತಮಗೆ ಶಿಕಾರಿಪುರದ ರಾಜೇಶ್ವರಮ್ಮ ಮಾಡುವ ಶರಣು ಶರಣಾರ್ಥಿಗಳು. ತಾವು ಕ್ಷೇಮವೆಂದು ನಂಬುತ್ತೇನೆ. ತಮ್ಮ ಕೆಲಸವನ್ನು ಇನ್ನೊಬ್ಬರಿಂದ ಮಾಡಿಸುವವರು ಸಾಮಾನ್ಯವಾಗಿ ಕ್ಷೇಮವಾಗಿಯೇ ಇರುತ್ತಾರೆ.

ಕಳೆದ ಸೋಮವಾರ ನನ್ನ ಮೊಮ್ಮಗಳು ವಾಣಿಶ್ರೀಗೂ ಸೊರಬ ತಾಲ್ಲೂಕು ಹೊಸಬಾಳೆಯ ಕೊಟ್ರೇಶನಿಗೂ ನಮ್ಮ ಮನೆಯಲ್ಲಿ ನಿಶ್ಚಿತಾರ್ಥವಿತ್ತು. ಹುಡುಗನ ತಂದೆ ಬೆನಕಪ್ಪನವರು, ಅವರ ತಮ್ಮಂದಿರು ವೀರಬಸಪ್ಪ ಮತ್ತು ಗುಡ್ಡಪ್ಪ, ಹೀಗೆ ಬೀಗರು ಮೂವರು. ಒಬ್ಬ ಬೀಗರ ಶಾಲಿನ ಅಂಚು ಇನ್ನೊಬ್ಬರದಕ್ಕಿಂತ ಬೆರಳಗಲ ಹೆಚ್ಚಾದರೆ ಎಂಥ ಸಂಬಂಧವೂ ಊಟದೆಲೆಯ ಮುಂದೆಯೇ ಮುರಿಯುತ್ತದೆ ಎಂಬುದು ತಮಗೆ ತಿಳಿದಿರಲಾರದು, ತಮಗೆ ಬೀಗರಿಲ್ಲ. ನಾನು ಮಾತ್ರ ಮೂರು ಶಾಲುಗಳನ್ನೂ ಅಂಗಡಿಯಲ್ಲಿ ಒಂದರ ಮೇಲೊಂದು ಹಾಸಿ, ಅಂಚು ಕೂಡಿಸಿ ನೋಡಿಯೇ ತಂದಿದ್ದೆ.

ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಕಲಿತ ನನ್ನ ಕಿರಿಯ ಸೊಸೆ ಸೌಂದರ್ಯ, ಬೀಗರ ಹೆಸರುಗಳು ಪರದೆಯ ಮೇಲೆ ಬಂದರೆ ಚೆನ್ನಾಗಿರುತ್ತದೆಂದು ಕ್ಲಾಸಿನ ಕಂಪ್ಯೂಟರನ್ನು ಆಟೋದಲ್ಲಿ ತರಿಸಿದಳು. ನಾನು ತಮ್ಮ ಹಣೆಗೆ ವಿಭೂತಿ ಹಚ್ಚಿ ಬರಮಾಡಿಕೊಂಡೆ. ಬೆನಕಪ್ಪನವರ ಹೆಸರು ಕೆಳಗಿನಿಂದ ನಿಧಾನವಾಗಿ ಮೇಲೇರಿತು, ಚಪ್ಪಾಳೆಯ ಸದ್ದೂ ಆಯಿತು. ನನಗೆ ಹಿಡಿಸಿತು. ಇದನ್ನೇ ಉಳಿದಿಬ್ಬರಿಗೂ ಹಾಕು ಎಂದೆ. “ಅತ್ತೆ, ಒಬ್ರಿಗೆ ಹಾಕಿದ್ದನ್ನ ತಗಂಡು ಇನ್ನೊಬ್ರಿಗೆ ಹಾಕಕ್ಕೆ ಇದು ಬಿಡಲ್ಲ. ಒಬ್ಬೊಬ್ರಿಗೂ ಮೊದ್ಲಿಂದ ಹೇಳ್ಬೇಕು” ಎಂದಳು. ನಮ್ಮ ಮನೆಯ ಸಟ್ಟುಗವೂ ಒಂದೆಲೆಗೆ ಬಡಿಸಿದ ಮೇಲೆ ಅದೇ ಅನ್ನವನ್ನು ಮುಂದಿನ ಎಲೆಗೆ ಬಡಿಸುತ್ತದೆ. ತಾವು ಎಲೆಗೊಮ್ಮೆ ಹೊಸದಾಗಿ ಅಕ್ಕಿ ತೊಳೆಯಿರಿ ಎನ್ನುತ್ತೀರಿ. ಇಂಥ ಮಡಿಯನ್ನು ನಾನು ಎಲ್ಲೂ ಕಂಡಿಲ್ಲ.

ಒಂದು ಉಪಾಯವಿತ್ತಂತೆ. ಬೆನಕಪ್ಪನವರ ಹೆಸರಿನ ಚೌಕವನ್ನೇ ಕಾಪಿ ಮಾಡಿ, ಒಳಗಿನ ಹೆಸರನ್ನು ತಿದ್ದಿದರೆ ಮರ್ಯಾದೆಯೂ ಜೊತೆಗೇ ಬರುತ್ತದೆ. ಸೌಂದರ್ಯ ವೀರಬಸಪ್ಪನವರಿಗೆ ಹಾಗೆಯೇ ಕಾಪಿ ಮಾಡಿ, ಹೆಸರು ತಿದ್ದಿ, ಗುಡ್ಡಪ್ಪನವರಿಗೆ ತಮಾಷೆಗೆಂದು ಹಾಕಿ ನೋಡಿದ್ದ ಗಿರಗಿರ ತಿರುಗಾಟವನ್ನೂ ಕಾರಿನ ಬ್ರೇಕಿನ ಸದ್ದನ್ನೂ ತೆಗೆದಿದ್ದಳು. ಅಷ್ಟರಲ್ಲಿ ಕರೆಂಟು ಹೋಯಿತು. ಕಾಪಿ ಮಾಡಿದ್ದಷ್ಟೇ ಉಳಿದು, ಆಮೇಲೆ ತಿದ್ದಿದ್ದೆಲ್ಲ ತಮ್ಮ ಹೊಟ್ಟೆಯಲ್ಲಿ ಅರಗಿಹೋದದ್ದು ನಮಗೆ ಗೊತ್ತಾಗಿದ್ದು ಬೀಗರು ಬಂದು ಕುರ್ಚಿಯಲ್ಲಿ ಕುಳಿತ ಮೇಲೆ.

ಬೆನಕಪ್ಪನವರು ಏರಿ ಬಂದರು. ಮತ್ತೆ ಬೆನಕಪ್ಪನವರೇ ಏರಿ ಬಂದರು. ಆಮೇಲೆ ಗುಡ್ಡಪ್ಪನವರು ಬುಗುರಿಯಂತೆ ತಿರುಗಿ ಕಿರ್ರೆಂದು ಬ್ರೇಕ್ ಹಾಕಿ ನಿಂತರು. ಮಕ್ಕಳೆಲ್ಲ ಕೇಕೆ ಹಾಕಿದವು. ವೀರಬಸಪ್ಪನವರು ಬರಲೇ ಇಲ್ಲ. ಅವರು ಶಾಲನ್ನು ಕುರ್ಚಿಯ ಮೇಲಿಟ್ಟು, “ನಮ್ಮಣ್ಣ ಎರಡು ಸಲ ಬಂದ, ನಾನು ಒಂದ್ಸಲಕ್ಕೂ ಬ್ಯಾಡಾದ್ನಾ?” ಎಂದು ಹೇಳಿ, ಅಂಗಳದಲ್ಲಿ ನಿಂತಿದ್ದ ಟೆಂಪೋದೊಳಗೆ ಹೋಗಿ ಕುಳಿತುಬಿಟ್ಟರು.

ಹುಡುಗನ ಚಿಕ್ಕಪ್ಪ ಇಲ್ಲದೆ ವೀಳ್ಯ ಬದಲಾಯಿಸುವಂತಿಲ್ಲ. ಒಳಗೆ ವಾಣಿಶ್ರೀ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಯಾರ ಬಾಗಿಲಿಗೂ ಹೋಗಿ ನಿಲ್ಲದ ನಾನು ಟೆಂಪೋದ ಬಾಗಿಲಿಗೆ ಹೋಗಿ ನಿಂತು, ಏನು ಮಾಡಿದರೆ ಇಳಿಯುತ್ತೀರಿ ಎಂದು ಕೇಳಿದೆ. ಅಣ್ಣನಂತೆ ಏರಿಸಿ ಎನ್ನುತ್ತಾರೆಂದುಕೊಂಡಿದ್ದೆ. “ಅಣ್ಣನ ಹಂಗೆ ಬ್ಯಾಡ ಬಿಡ್ರೀ, ಬಾವಿಯಿಂದ ಕೊಡ ಎತ್ತಿದಂಗಾತು. ನನ್ ತಮ್ಮನ್ನ ತಿರುಗ್ಸಿದ್ರಲ್ಲ, ಹಂಗೆ ತಿರುಗ್ಸಿ” ಎಂದರು. ಇದು ಕಿವಿಗೆ ಬಿದ್ದದ್ದೇ ಬೆನಕಪ್ಪನವರಿಗೂ ತಮ್ಮ ಗಾಂಭೀರ್ಯದ ಮೇಲೆ ಬೇಸರ ಬಂತು. “ಹಿರೇರನ್ನ ಬಿಟ್ಟು ಅವ್ರನ್ನೇ ತಿರುಗ್ಸಿದ್ರೆ ಹೆಂಗ್ರೀ ಬೀಗ್ತಿ?”

ಕಾಪಿಯ ಉಪಾಯ ಬೇಡವೆಂದು ನಾನೇ ಹೇಳಿದೆ. ಈ ಸಲ ಗುಡ್ಡಪ್ಪನವರು ಎರಡು ಸಲ ಬಂದಿದ್ದರೆ ಟೆಂಪೋ ನೇರ ಹೊಸಬಾಳೆಗೆ ಹೊರಡುತ್ತಿತ್ತು. ಹಾಗಾಗಿ ಒಬ್ಬರ ತಿರುಗಾಟ ಕಣ್ಣೆದುರಿಗೆ ಸಿದ್ಧವಿದ್ದರೂ, ಉಳಿದಿಬ್ಬರಿಗೆ ತಿರುಗುವುದನ್ನೂ ಬ್ರೇಕನ್ನೂ ಸೌಂದರ್ಯ ತಮಗೆ ಅ ಆ ಇ ಈಯಿಂದ ಕಲಿಸಬೇಕಾಯಿತು. ಹೋಳಿಗೆ ಆರಿತು, ತುಪ್ಪ ಹೆಪ್ಪುಗಟ್ಟಿತು, ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರು ಗಡಿಯಾರ ನೋಡತೊಡಗಿದರು. ಕೊನೆಗೆ ತಮ್ಮನ್ನು ಕಿಟಕಿಯ ಕಡೆ ಮುಖ ಮಾಡಿಸಿ ಕೂರಿಸಿದೆವು. ಟೆಂಪೋದಿಂದಲೇ ವೀರಬಸಪ್ಪನವರು ತಮ್ಮದೇ ಹೆಸರು ತಿರುಗುವುದನ್ನು ನೋಡಿದರು, ಬ್ರೇಕಿನ ಸದ್ದು ಕೇಳಿದರು, ಮೀಸೆ ನೀವಿಕೊಂಡು ಇಳಿದರು. ಮುಹೂರ್ತ ಮೀರುವ ಮೊದಲು ವೀಳ್ಯ ಬದಲಾಯಿತು. ಇದರಲ್ಲಿ ತಮ್ಮ ಸಹಾಯ ಏನೂ ಇಲ್ಲವೆಂಬುದನ್ನು ಗೌರವಪೂರ್ವಕವಾಗಿ ಸ್ಮರಿಸುತ್ತೇನೆ.

ಈಗ ನನ್ನ ವಿನಂತಿ. ಗೋಡೆಗೆ ಸುಣ್ಣ ಬಳಿಯುವವರ ಕೈಯಲ್ಲಿರುವಂಥ ಒಂದು ಕುಂಚವನ್ನು ತಮ್ಮೊಳಗೆ ಇಟ್ಟುಕೊಳ್ಳಿ. ಒಬ್ಬ ಬೀಗರಲ್ಲಿ ಅದ್ದಿ ಇನ್ನೊಬ್ಬ ಬೀಗರ ಮೇಲೆ ಎಳೆದರೆ ಅದೇ ಮರ್ಯಾದೆ ಅಂಟಿಕೊಳ್ಳಬೇಕು. ಇಂಥದ್ದು ಯಾವ ಕಾಲಕ್ಕೂ ಬರುವುದಿಲ್ಲವೆಂದು ಸೌಂದರ್ಯ ನಗುತ್ತಾಳೆ. ಬರದಿದ್ದರೆ ತಾವೇ ಹೊಸಬಾಳೆಗೆ ಹೋಗಿ, ಬೀಗರ ಜಗಲಿಯ ಮೇಲೆ ಕುಳಿತು, ಒಬ್ಬೊಬ್ಬರಿಗೆ ಒಂದೊಂದು ಮರ್ಯಾದೆ ಇರುವುದೇ ಸರಿಯೆಂದು ವೀರಬಸಪ್ಪನವರಿಗೆ ಬಿಡಿಸಿ ಹೇಳಿ, ಹಿಂತಿರುಗಿ ಬನ್ನಿ. ಬರುವಂತಿದ್ದರೆ.

ಉತ್ತರವನ್ನಾದರೂ ಬೇರೆಯವರಿಗೆ ಬರೆದದ್ದನ್ನೇ ನನಗೂ ಕಳಿಸದೆ, ಮೊದಲಿನಿಂದ ಬರೆಯುವಿರೆಂದು ನಂಬಿರುವ

ತಮ್ಮ ವಿಶ್ವಾಸಿ,
ರಾಜೇಶ್ವರಮ್ಮ

ತಾ.ಕ.: ಮದುವೆಗೆ ಎರಡು ಬಸ್ಸು ಜನ ಬರುತ್ತೇವೆಂದು ಬೀಗರು ಹೇಳಿ ಕಳಿಸಿದ್ದಾರೆ. ಒಬ್ಬರಿಗೂ ಶಾಲು ಬೇಡವಂತೆ, ಎಲ್ಲರನ್ನೂ ತಿರುಗಿಸಿದರೆ ಸಾಕಂತೆ. ನಾನು ಒಪ್ಪಿದ್ದೇನೆ. ಯಾರಾದರೂ ಬಸ್ಸಿನಿಂದ ಇಳಿಯದೆ ಕುಳಿತರೆ, ಕೈಮುಗಿದು ಕರೆಯಲು ಈ ಸಲ ತಮ್ಮನ್ನೇ ಕಳಿಸುತ್ತೇನೆ.