ಒಂದೇ ಹಳಿಯ ಮೇಲೆ ನಾನು ನಿಲ್ಲಿಸಿದ ಎರಡು ರೈಲು

ರವಿಕೆಯ ಸುಕ್ಕು ಅಳಿಸಲು ಕಲಿತವಳಿಗೆ ರೈಲಿನ ಸುಕ್ಕು ಅಳಿಸುವುದು ಯಾವ ದೊಡ್ಡ ವಿದ್ಯೆ? ಹೀಗೆಂದು ನಾನೇ ತೀರ್ಮಾನಿಸಿದೆ. ನನ್ನ ತೀರ್ಮಾನವನ್ನು ಯಾರೂ ಕೇಳಿರಲಿಲ್ಲ, ಅದು ಬೇರೆ ಮಾತು.

ನಮ್ಮ ಯಜಮಾನರು ಸ್ಟೇಷನ್ ಮಾಸ್ಟರ್ ಆಗಿ ರಿಟೈರ್ ಆದವರು. ಅವರ ಇಡೀ ಸರ್ವಿಸಿನಲ್ಲಿ ಒಂದು ಮೇಕೆಗೂ ರೈಲು ತಾಗಿಲ್ಲವಂತೆ. ಇದನ್ನು ಅವರು ಹೇಳದ ದಿನವಿಲ್ಲ, ಕೇಳಿ ನನಗೆ ಸಾಕಾಗದ ದಿನವೂ ಇಲ್ಲ. ರಿಟೈರ್ ಆದ ಮೇಲೆ ಸುಮ್ಮನೆ ಕೂರಬೇಕಲ್ಲ? ಕೂರಲಿಲ್ಲ. ಚೆನ್ನೈನ ನುಂಗಂಬಾಕ್ಕಂನ ನಮ್ಮ ಮನೆಯ ಊಟದ ಮೇಜಿನ ಮೇಲೆ, ತಾವು ಕೊನೆಗೆ ಕೆಲಸ ಮಾಡಿದ ಸ್ಟೇಷನ್ನನ್ನೇ ಪುಟ್ಟದಾಗಿ ಕಟ್ಟಿದರು. ಪ್ಯಾರೀಸ್ ಕಾರ್ನರ್‌ನ ಸಂದಿಗೊಂದಿ ಅಲೆದು ಹಳಿ ತಂದರು, ಬೋಗಿ ತಂದರು. ಮರದ ಹೊಟ್ಟಿಗೆ ಹಸಿರು ಬಣ್ಣ ಹಚ್ಚಿ ಹುಲ್ಲು ಮಾಡಿದರು. ಅಂದಿನಿಂದ ನಾವು ನೆಲದ ಮೇಲೆ ಕೂತು ಉಣ್ಣುತ್ತೇವೆ. ರೈಲು ಅವರದು, ಮೊಣಕಾಲು ನೋವು ನನ್ನದು.

ರಿಟೈರ್ ಆದ ರೈಲ್ವೆಯವರದೆಲ್ಲ ಒಂದು ವಾಟ್ಸಾಪ್ ಗುಂಪಿದೆ. ವರ್ಷಕ್ಕೊಮ್ಮೆ ಒಂದು ಸಭಾಂಗಣದಲ್ಲಿ ಸೇರಿ ಊಟ ಮಾಡಿ, ಒಬ್ಬರಿಗೊಬ್ಬರು ಸಕ್ಕರೆ ಕಾಯಿಲೆಯ ಲೆಕ್ಕ ಒಪ್ಪಿಸಿ ಮನೆಗೆ ಹೋಗುತ್ತಾರೆ. ಈ ಸಲ ವೇದಿಕೆಯ ಬ್ಯಾನರಿಗೆ ಒಂದು ಸ್ಟೇಷನ್ನಿನ ಚಿತ್ರ ಬೇಕಾಯಿತು. ಅವರ ಹಳೆಯ ಮೇಲಧಿಕಾರಿ ಕಂಟ್ರೋಲರ್ ಸಾರ್ ನಮ್ಮ ಯಜಮಾನರಿಗೇ ಫೋನ್ ಮಾಡಿ, "ಮಾಸ್ಟರ್, ನಿಮ್ಮ ಮಾಡೆಲ್ ಫೋಟೋ ಕಳಿಸಿ. ಆಟಿಕೆ ಥರ ಇರಬಾರದು. ನೋಡಿದವರು ನಿಜವಾದ ಸ್ಟೇಷನ್ ಅನ್ನಬೇಕು" ಅಂದರು. ಯಜಮಾನರು ಆ ದಿನವೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡೇ ಓಡಾಡಿದರು. ರಿಟೈರ್ ಆದ ಮೇಲೆ ಅವರನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು.

ಆದರೆ ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕದಲ್ಲಿದ್ದರು. ಫೋನು ನೋಡಬಾರದೆಂದು ಡಾಕ್ಟರ ಕಟ್ಟಪ್ಪಣೆ.

"ಏ ಇವಳೇ, ನೀನೇ ಫೋಟೋ ತೆಗಿ. ಹಿಂದೆ ಗ್ರೈಂಡರ್ ಕಾಣಬಾರದು ನೋಡು."

"ಗ್ರೈಂಡರ್ ಮೊದಲಿಂದ ಇಲ್ಲೇ ಇದೆ ರೀ. ಆಮೇಲೆ ಬಂದದ್ದು ನಿಮ್ಮ ಸ್ಟೇಷನ್ನು."

ನಮ್ಮ ಕೆಳಗಿನ ಮನೆಯ ಶೆಣ್ಬಗಂ ರವಿಕೆ ಹೊಲಿಯುತ್ತಾಳೆ. ಹೊಲಿದದ್ದರ ಫೋಟೋ ತೆಗೆದು, ಫೋನಿನಲ್ಲೇ ಸುಕ್ಕು ಅಳಿಸಿ, ಬಣ್ಣ ಏರಿಸಿ ಗಿರಾಕಿಗಳಿಗೆ ಕಳಿಸುತ್ತಾಳೆ. ಅವಳ ಪಕ್ಕ ಕೂತು ಕಾಜಾ ಹೊಲಿದುಕೊಡುತ್ತಾ ನಾನೂ ನೋಡಿ ಕಲಿತಿದ್ದೆ. ಇಂಗ್ಲಿಷ್ ಓದಲು ಬಾರದಿದ್ದರೇನು? ರಬ್ಬರಿನ ಚಿತ್ರ ಒತ್ತಿದರೆ ಅಳಿಸುತ್ತದೆ, ಕತ್ತರಿ ಚಿತ್ರ ಒತ್ತಿದರೆ ಕತ್ತರಿಸುತ್ತದೆ.

"ಅವ್ವಳವುದಾನ್ ಮಾಮಿ," ಅಂದಿದ್ದಳು ಶೆಣ್ಬಗಂ. "ವೇಂಡಾದದೆ ಅಳಿಚ್ಚಿಡುಂಗ, ಕಲರ್ ಏತ್ತುಂಗ!"

ಬೇಡದ್ದನ್ನು ಅಳಿಸು, ಬಣ್ಣ ಏರಿಸು. ಇಷ್ಟು ಸುಲಭದ ಶಾಸ್ತ್ರ ಬೇರೊಂದಿಲ್ಲ!

ಮೊದಲು ಗ್ರೈಂಡರ್ ಅಳಿಸಿದೆ. ಹೋಯಿತು. ಗೋಡೆ ಅಳಿಸಿ ಮೋಡವಿದ್ದ ಆಕಾಶ ಹಾಕಿದೆ. ಬಂತು. ಇಲ್ಲಿಗೇ ಕೈಬಿಟ್ಟಿದ್ದರೆ ನಾನು ಬುದ್ಧಿವಂತೆ ಎನಿಸಿಕೊಳ್ಳುತ್ತಿದ್ದೆ.

ಇಲ್ಲೊಂದು ರೈಲ್ವೆ ವಿಚಾರ ಹೇಳಬೇಕು. ಆ ಸ್ಟೇಷನ್ನಿನಲ್ಲಿ ಇರುವುದು ಒಂದೇ ಲೈನು. ಎದುರುಬದುರು ಎರಡು ರೈಲು ಬಂದರೆ ಒಂದನ್ನು ಪಕ್ಕದ ಲೂಪ್ ಲೈನಿಗೆ ತಿರುಗಿಸಿ, ಕೆಂಪು ದೀಪ ತೋರಿಸಿ ನಿಲ್ಲಿಸಿಕೊಂಡು, ಇನ್ನೊಂದನ್ನು ಬಿಡಬೇಕು; ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ನಮ್ಮ ಯಜಮಾನರು ಜೀವಮಾನವಿಡೀ ಮಾಡಿದ್ದು ಅದನ್ನೇ. ಮೇಜಿನ ಮೇಲೂ ಎರಡು ರೈಲನ್ನು, ಒಂದು ಎಕ್ಸ್‌ಪ್ರೆಸ್, ಒಂದು ಪ್ಯಾಸೆಂಜರ್, ಹಾಗೇ ನಿಲ್ಲಿಸಿದ್ದರು. ಇದೆಲ್ಲ ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದದ್ದು ಕೆಲಸದ ಹೊತ್ತಿಗೆ ನೆನಪಿಗೆ ಬರಬೇಕಲ್ಲ!

ಲೂಪ್ ಲೈನಿನ ಪಕ್ಕದಲ್ಲೇ ಪ್ಲೈವುಡ್ ಹಲಗೆ ಕೂಡಿಸಿದ ಬಿರುಕು ಕಾಣುತ್ತಿತ್ತು. ಅಳಿಸಿದೆ. ನನ್ನ ಬೆರಳು ದಪ್ಪ. ಬಿರುಕಿನ ಜೊತೆ ಲೂಪ್ ಲೈನೂ ಹೋಯಿತು. ಅದರ ಮೇಲಿದ್ದ ಪ್ಯಾಸೆಂಜರ್ ಹುಲ್ಲಿನ ಮೇಲೆ ನಿಂತಿತು. ಹುಲ್ಲಿನ ಮೇಲೆ ಯಾವ ರೈಲಾದರೂ ನಿಲ್ಲುತ್ತದೆಯೇ? ಅಷ್ಟು ತಿಳಿವಳಿಕೆ ನನಗಿಲ್ಲವೇ? ಕತ್ತರಿ ಒತ್ತಿ ಅದನ್ನು ಎತ್ತಿ, ಉಳಿದಿದ್ದ ಒಂದೇ ಹಳಿಯ ಮೇಲೆ ಜಾಗ್ರತೆಯಾಗಿ ಇಟ್ಟೆ. ಎಕ್ಸ್‌ಪ್ರೆಸ್ಸಿಗೆ ಎದುರಾಗಿ.

ಕೆಂಪು ದೀಪ ಕಣ್ಣಿಗೆ ಚುಚ್ಚುತ್ತಿತ್ತು, ಹಸಿರು ಮಾಡಿದೆ. ಇಂಜಿನ್ನುಗಳು ಮಂಕಾಗಿದ್ದವು, ಎರಡಕ್ಕೂ ಹೊಗೆ ಸೇರಿಸಿದೆ. ಪ್ಲಾಟ್‌ಫಾರಂ ಬಣಗುಟ್ಟುತ್ತಿತ್ತು. ಸ್ಟೇಷನ್ ಅಂದ ಮೇಲೆ ಮಾಸ್ಟರ್ ಬೇಡವೇ? ಫೋನಿನಲ್ಲಿ ಯಜಮಾನರು ಬಿಳಿ ಶರಟು ಹಾಕಿ ನಿಂತಿದ್ದ ಫೋಟೋ ಒಂದೇ ಇತ್ತು, ನನ್ನ ಮೈದುನನ ಮಗನ ಮದುವೆಯದು. ಕೈಯಲ್ಲಿ ಕಾಫಿ ಲೋಟ, ಬಾಯ್ತುಂಬ ನಗು. ಕತ್ತರಿಸಿ ತಂದು ನಿಲ್ಲಿಸಿದೆ.

"ಹೇಗೆ ಬಂದಿದೆ?" ಅಂದರು ಯಜಮಾನರು, ಕಪ್ಪು ಕನ್ನಡಕದೊಳಗಿಂದ.

"ನಿಜವಾದ ಸ್ಟೇಷನ್ನೇ ರೀ."

"ಎರಡು ರೈಲೂ ಕಾಣ್ತಿದೆಯಾ?"

"ಒಂದರ ಎದುರಿಗೆ ಒಂದು, ಚೆನ್ನಾಗಿ ಕಾಣ್ತಿದೆ."

"ಕಳಿಸು!"

ಗುಂಪಿಗೆ ಕಳಿಸಿದೆ. ಕಾಫಿಗೆ ಹಾಲಿಟ್ಟೆ. ಹಾಲು ಉಕ್ಕುವ ಮೊದಲೇ ಫೋನು ಬಡಕೊಂಡಿತು. ಕಂಟ್ರೋಲರ್ ಸಾರ್! ಯಜಮಾನರು ಸ್ಪೀಕರಿಗೆ ಹಾಕಿಸಿದರು, ಹೊಗಳಿಕೆ ನನಗೂ ಕೇಳಿಸಲಿ ಅಂತ.

"ಮಾಸ್ಟರ್! ಎನ್ನಯ್ಯಾ ಇದು? ರೆಂಡು ವಂಡಿ ಒರೇ ಲೈನ್‌ಲ!" ಒಂದೇ ಲೈನಿನಲ್ಲಿ ಎರಡು ಗಾಡಿಯಂತೆ.

"ಇಲ್ಲೆ ಸಾರ್, ಕ್ರಾಸಿಂಗ್ ಸಾರ್. ಒನ್ನು ಲೂಪ್‌ಲ ಇರುಕ್ಕು." ಒಂದು ಲೂಪಿನಲ್ಲಿದೆ ಅಂದರು ಯಜಮಾನರು.

"ಲೂಪ್ ಎಂಗೆಯ್ಯಾ?"

ಯಜಮಾನರು ನನ್ನ ಕಡೆ ತಿರುಗಿದರು. "ಲೂಪ್ ಎಲ್ಲೇ?"

"ಅಳಿಸಿದೆ."

"ಲೂಪ್ ಲೈನ್ ಅಳಿಸಿದ್ಯಾ?"

"ಬಿರುಕಿತ್ತು ರೀ."

"ಸಿಗ್ನಲ್?"

"ಎಲ್ಲಾ ಹಸಿರು. ಲಕ್ಷಣವಾಗಿದೆ."

ಯಜಮಾನರು ಸ್ಟೂಲು ಹುಡುಕಿ ಕೂತರು. ಫೋನು ಮಾತ್ರ ನಿಲ್ಲಿಸಲಿಲ್ಲ: ಎರಡು ಇಂಜಿನ್ನೂ ಹೊಗೆ ಕಾರುತ್ತಾ ಮುಖಕ್ಕೆ ಮುಖ ಕೊಟ್ಟು ಬರುತ್ತಿವೆ, ಮಾಸ್ಟರ್ ಕಾಫಿ ಕುಡಿದುಕೊಂಡು ನಗುತ್ತಾ ನಿಂತಿದ್ದೀರಲ್ಲ, ಇದೇನು ಇವತ್ತು ನಡೆದದ್ದಾ?

"ಅಳಿಸು! ಬೇಗ ಗುಂಪಿಂದ ಅಳಿಸೇ!"

ಅಳಿಸಿದೆ. ನನ್ನ ಫೋನಿನಿಂದ ಹೋಯಿತು. ಬೇರೆ ಎಲ್ಲರ ಫೋನಿನಲ್ಲಿ ಭದ್ರವಾಗಿ ಉಳಿಯಿತು! ಅಷ್ಟರಲ್ಲಿ ಕೋಯಂಬೇಡು ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುತ್ತಿದ್ದ ರಿಟೈರ್ಡ್ ಗಾರ್ಡ್ ಒಬ್ಬರು, ಚೀಲ ಅಲ್ಲೇ ಬಿಟ್ಟು, ರೈಲು ಓಡಿಸುವ ತಮ್ಮ ಅಳಿಯನಿಗೆ ಫೋನ್ ಮಾಡಿ ಬದುಕಿದ್ದೀಯಾ ಅಂತ ಕೇಳಿದರಂತೆ.

"ಮೊದಲು ತೆಗೆದ ಫೋಟೋ ಇದೆಯಲ್ಲ, ಅದನ್ನ ಕಳಿಸು" ಅಂದರು ಯಜಮಾನರು. ಅಷ್ಟು ವರ್ಷದ ಹೆಸರು ಒಂದು ಹಾಲು ಕಾಯುವ ಹೊತ್ತಿನಲ್ಲಿ ಹೋಗುತ್ತಿತ್ತು. ನಾನು ತಿದ್ದಿದ ಹಾಗೆಲ್ಲ ಫೋನು ಉಳಿಸಿಟ್ಟಿದ್ದ ಚಿತ್ರಗಳ ಸಾಲಿನಲ್ಲಿ, ಅವಸರಕ್ಕೆ, ಮೊದಲನೆಯದೆಂದು ಒಂದನ್ನು ಒತ್ತಿ ಕಳಿಸಿದೆ.

ಅದು ನಡುವಿನದು. ರೈಲು ಹುಲ್ಲಿನ ಮೇಲೆ ನಿಂತದ್ದು!

ಮತ್ತೆ ಕಂಟ್ರೋಲರ್ ಸಾರ್. ಈ ಸಲ ದನಿ ಬಹಳ ಮೆತ್ತಗಿತ್ತು. "ಮಾಸ್ಟರ್... ಇಪ್ಪ ಡಿರೈಲ್‌ಮೆಂಟಾ?" ಈಗ ಹಳಿ ತಪ್ಪಿತಾ ಅಂತ.

ಯಜಮಾನರು ಕಪ್ಪು ಕನ್ನಡಕ ತೆಗೆದು, ಡಾಕ್ಟರ ಮಾತು ಮೀರಿ ಫೋನು ನೋಡಿದರು. ನೋಡಿ ಮತ್ತೆ ಕನ್ನಡಕ ಹಾಕಿಕೊಂಡರು. "ಸಾರ್," ಅಂದರು ಕೊನೆಗೆ, "ಸ್ಟೇಷನ್ ಚಾರ್ಜ್ ಇನ್ನೈಕ್ಕಿ ಎನ್ ವೈಫ್ ಕಿಟ್ಟೆ ಇರುಂದದು."

ಇವತ್ತು ಸ್ಟೇಷನ್ ಹೆಂಡತಿಯ ಕೈಯಲ್ಲಿತ್ತು! ಆ ಕಡೆ ಕಂಟ್ರೋಲರ್ ಸಾರ್ ಕೆಮ್ಮು ಬರುವ ತನಕ ನಕ್ಕರು. ಮಾಸ್ಟರ್ ಹೆಸರು ಉಳಿಯಿತು. ಹೋದದ್ದು ನನ್ನದು.

ಬ್ಯಾನರಿನ ಮೇಲೆ ಬರೀ ಒಂದು ನಮಸ್ಕಾರದ ಚಿತ್ರ ಬಂತು. ಸಭಾಂಗಣಕ್ಕೆ ಬಂದವರೆಲ್ಲ ಯಜಮಾನರ ಕೈ ಕುಲುಕಿ, ನನ್ನನ್ನು ದೂರದಿಂದ ನೋಡಿ ಹೋದರು. ಊಟದ ಸಾಲಿನಲ್ಲಿ ಕಂಟ್ರೋಲರ್ ಸಾರ್ ನನ್ನೆದುರು ನಿಂತು, ಎರಡೂ ಕೈ ಜೋಡಿಸಿ, "ಅಮ್ಮಾ, ನಲ್ಲ ವೇಳೈ, ನೀಂಗ ರೈಲ್ವೇಲ ಸೇರಲೆ" ಅಂದರು. ಸದ್ಯ, ನಾನು ರೈಲ್ವೆಗೆ ಸೇರಲಿಲ್ಲವಂತೆ!

ಅವರು ಹೇಳಿದ್ದು ಸರಿ. ಈ ದೇಶದ ಪ್ರಯಾಣಿಕರಿಗೆ ನಾನು ಮಾಡಿರುವ ಸೇವೆ ಅದೊಂದೇ.